ಆಂಬುಲೆನ್ಸ್ ಪಾಳಿ ಪುಸ್ತಕ: ಖಾಲಿ ಬಿದ್ದ ಗಂಟೆಗಳ ಲೆಕ್ಕ ಇಡುವುದು ಹೇಗೆ?

ತೀರ್ಥಹಳ್ಳಿಯಿಂದ ಸಂಜೆ 6.30ಕ್ಕೆ ರೋಗಿಯನ್ನು ಹತ್ತಿಸಿಕೊಂಡು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದ ಆಂಬುಲೆನ್ಸ್ ಮರಳುವಾಗ ರಾತ್ರಿ 11 ದಾಟಿತು ಎಂದಿಟ್ಟುಕೊಳ್ಳಿ. ಪಾಳಿ ಬದಲಾಗಬೇಕಿದ್ದದ್ದು 8 ಗಂಟೆಗೆ. ರಾತ್ರಿ ಪಾಳಿಯ ಇಎಂಟಿ (ಗಾಡಿಯಲ್ಲಿ ತುರ್ತು ಚಿಕಿತ್ಸೆ ನೀಡುವವರು) ಮತ್ತು ಪೈಲಟ್ (ಆಂಬುಲೆನ್ಸ್ ಚಾಲಕ) ಹೊತ್ತಿಗೆ ಸರಿಯಾಗಿ ಬಂದು ಹಾಜರಿ ಹಾಕಿ ವಾಹನವಿಲ್ಲದೆ ಕುಳಿತಿದ್ದರೆ, ಹಗಲಿನವರು ಘಾಟಿಯ ತಿರುವುಗಳಲ್ಲಿ 15ನೆಯ ಗಂಟೆಯ ಕೆಲಸ ಮಾಡುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಒಬ್ಬರೂ ಗೈರಿಲ್ಲ. ಆದರೂ ಸುಮಾರು ಐದು ಗಂಟೆ ಸುತ್ತಲಿನ ಹಳ್ಳಿಗಳಿಗೆ ಆ ಗಾಡಿ ಇರಲಿಲ್ಲ. ಪಾಳಿ ಪುಸ್ತಕದಲ್ಲಿ ಕಾಣಬೇಕಾದದ್ದು ಈ ಐದು ಗಂಟೆ.

ಮೊದಲು ಜನರ ಲೆಕ್ಕ ಮಾಡಿಕೊಳ್ಳಿ. 12 ಗಂಟೆಯ ಪಾಳಿಯಾದರೆ ವಾರಕ್ಕೆ 14 ಪಾಳಿಗಳು. ಒಬ್ಬರಿಗೆ ವಾರಕ್ಕೆ 48 ಗಂಟೆ, ಅಂದರೆ 4 ಪಾಳಿ ಎಂದು ಹಿಡಿದರೆ, ಒಂದು ವಾಹನಕ್ಕೆ ನಾಲ್ವರು ಇಎಂಟಿಗಳೂ ನಾಲ್ವರು ಪೈಲಟ್‌ಗಳೂ ಬೇಕು; ಆಗ ಎರಡೂ ಕಡೆ ಎರಡೆರಡು ಪಾಳಿ ಉಳಿದು ರಿಲೀವರ್ ಕೆಲಸಕ್ಕೆ, ಅಂದರೆ ಬಾರದವರ ಬದಲಿಗೆ ನಿಲ್ಲಲು, ಒದಗುತ್ತವೆ. ಮೂವರಲ್ಲೇ ತೂಗಿಸಿದರೆ ಇಬ್ಬರ ಪಾಲಿಗೆ 60 ಗಂಟೆ ಬರುತ್ತದೆ, ಒಬ್ಬರಿಗೆ ಜ್ವರ ಬಂದರೂ ಪಟ್ಟಿ ಕುಸಿಯುತ್ತದೆ.

ಎರಡನೆಯದಾಗಿ, ಉದ್ದನೆಯ ರೂಲ್ ಪುಸ್ತಕವೊಂದರಲ್ಲಿ ಪ್ರತಿ ಪಾಳಿಗೂ ಇಎಂಟಿ, ಪೈಲಟ್, ವಾಹನ ಎಂದು ಮೂರು ಮನೆ ಹಾಕಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಪಾಳಿ ತುಂಬಿದಂತೆ ಅಲ್ಲ. ರಾತ್ರಿ ಪಾಳಿ ಎರಡು ತಾರೀಖುಗಳ ಮೇಲೆ ಹಾಯುವುದರಿಂದ ಅದನ್ನು ಯಾವಾಗಲೂ ಶುರುವಾದ ದಿನದ ಲೆಕ್ಕಕ್ಕೇ ಬರೆಯಿರಿ. ತಿಂಗಳ ಯೋಜನೆ ಪೆನ್ಸಿಲ್‌ನಲ್ಲಿರಲಿ. ಯಾರು ನಿಜವಾಗಿ ಬಂದರು, ಎಷ್ಟು ಹೊತ್ತಿಗೆ ಚಾರ್ಜ್ ತೆಗೆದುಕೊಂಡರು ಎಂಬುದನ್ನು ಗಾಡಿಯ ಪಕ್ಕ ನಿಂತು, ಆಕ್ಸಿಜನ್ ಸಿಲಿಂಡರಿನ ಮೀಟರ್ ನೋಡಿದ ಮೇಲೆ, ಪೆನ್ನಿನಲ್ಲಿ ಬರೆಯಬೇಕು. ವಾಹನ ದೂರದ ರೆಫರಲ್‌ಗೆ, ಅಂದರೆ ರೋಗಿಯನ್ನು ಬೇರೆ ದೊಡ್ಡ ಆಸ್ಪತ್ರೆಗೆ ಸಾಗಿಸಲು, ಹೋಗಿದ್ದರೆ ಹೊರಟ ಮತ್ತು ಮರಳಿದ ಸಮಯವನ್ನು ಮೂರನೆಯ ಮನೆಯಲ್ಲಿ ಕೆಂಪು ಶಾಯಿಯಲ್ಲಿ ನಮೂದಿಸಿ, ಆ ಹೊತ್ತಿನಲ್ಲಿ ಕರೆ ಬಂದರೆ ಅಕ್ಕಪಕ್ಕದ ಯಾವ ಗಾಡಿ ಬರಬೇಕೆಂಬುದನ್ನೂ ಬರೆಯಿರಿ. ಮೊಬೈಲ್ ಹಾಳೆ ಬೇಡವೆಂದಲ್ಲ, ಆದರೆ ಆಷಾಢದ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋದರೆ ಅದರ ಹಿಂದೆಯೇ ಟವರೂ ಹೋಗುವ ಊರುಗಳಲ್ಲಿ ಮೂಲ ಪ್ರತಿ ಕಾಗದದ ಮೇಲೆಯೇ ಇರಬೇಕು. ದಿನಕ್ಕೊಮ್ಮೆ ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಕು.

ಅದಲುಬದಲಿನ ವಿಷಯದಲ್ಲಿ ಬಿಗಿಯಾಗಿರಿ. ‘ಇವತ್ತು ನೀನು ಮಾಡು ಮಾರಾಯ, ನಾಡಿದ್ದು ನಾನು ಬರ್ತೀನಿ’ ಎಂಬ ಬಾಯಿಮಾತಿನಿಂದಲೇ ಹೆಚ್ಚಿನ ಪಾಳಿಗಳು ಖಾಲಿ ಬೀಳುತ್ತವೆ ಎಂಬುದು ನನ್ನ ಅಭಿಪ್ರಾಯ. ಇಬ್ಬರೂ ಸಹಿ ಹಾಕುವವರೆಗೆ ಹಳೆಯ ಹೆಸರೇ ಉಳಿಯಲಿ. ಘಾಟಿಯಿಂದ ತಡವಾಗಿ ಬಂದವರ ಮುಂದಿನ ಪಾಳಿಯನ್ನು, ವಿಶ್ರಾಂತಿಯ ಗಂಟೆಗಳನ್ನು ಎಣಿಸಿದ ಬಳಿಕವೇ ಹಾಕಬೇಕು.

ರಜೆಯನ್ನು ಕ್ಯಾಲೆಂಡರಿಗಿಂತ ತೋಟವನ್ನು ನೋಡಿ ಅಂದಾಜಿಸುವುದು ಜಾಣತನ. ಅಡಿಕೆ ಕೊಯ್ಲಿನ ದಿನಗಳಲ್ಲಿ, ಎಳ್ಳಮಾವಾಸ್ಯೆ ಜಾತ್ರೆಗೆ, ಬೇಸಿಗೆಯ ಮದುವೆಗಳಿಗೆ ಎಲ್ಲರ ಅರ್ಜಿಯೂ ಒಟ್ಟಿಗೇ ಬರುತ್ತದೆ. ಅದೇ ಚಳಿಗಾಲ ಮತ್ತು ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಕರೆಗಳೂ ಇರುತ್ತವೆ. ಹಾಗಾಗಿ ಎರಡು ತಿಂಗಳು ಮೊದಲೇ ಅರ್ಜಿ ಕೇಳಿ, ಒಂದೇ ದಿನಕ್ಕೆ ಒಬ್ಬ ಇಎಂಟಿ ಮತ್ತು ಒಬ್ಬ ಪೈಲಟ್‌ಗಿಂತ ಹೆಚ್ಚು ಜನರಿಗೆ ರಜೆ ಕೊಡಬೇಡಿ.

ತಿಂಗಳ ಕೊನೆಯಲ್ಲಿ ಖಾಲಿ ಬಿದ್ದ ಗಂಟೆಗಳನ್ನೆಲ್ಲ ಕೂಡಿಸಿ, ಸಿಬ್ಬಂದಿ ಇಲ್ಲದೆ ಖಾಲಿಯಾದದ್ದು, ವಾಹನ ಗ್ಯಾರೇಜಿನಲ್ಲಿದ್ದದ್ದು, ದೂರದ ರೆಫರಲ್‌ಗೆ ಹೋದದ್ದು ಎಂದು ಬೇರೆಬೇರೆ ಬರೆಯಿರಿ. ಮೊದಲನೆಯದಕ್ಕೆ ರಿಲೀವರ್ ಕೇಳಬೇಕು, ಎರಡನೆಯದಕ್ಕೆ ಬದಲಿ ಗಾಡಿ. ಮೂರನೆಯದೇ ಹೆಚ್ಚಿದ್ದರೆ ಸಂಜೆ 6ರಿಂದ 8ರ ನಡುವೆ ಹೊರಟ ರೆಫರಲ್‌ಗಳನ್ನಷ್ಟೇ ಎಣಿಸಿ ನೋಡಿ, ಪಾಳಿ ಬದಲಾಗುವ ಸಮಯವನ್ನೇ ಹಿಂದೆಮುಂದೆ ಮಾಡಲು ಸಾಧ್ಯವೇ ಎಂದು ಮೇಲಧಿಕಾರಿಗಳ ಮುಂದೆ ಆ ಪುಟವನ್ನು ಇಡಬಹುದು.