ಯುವನಿಧಿ ಅರ್ಜಿ ಎಲ್ಲಿ ಸಿಕ್ಕಾಕ್ಕೊಂಡಿದೆ? ಒಂದೊಂದೇ ಹಂತ ನೋಡ್ಕೊಂಡು ಬಿಡಿಸ್ಕೊಳ್ಳೋದು ಹೀಗೆ

‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’ ಅಂತ ಹೇಳಿಬಿಟ್ರೆ ಸೈಬರ್ ಅಂಗಡಿಯವರಿಗೂ ಆರಾಮ, ನಮಗೂ ಒಂಥರಾ ಸಮಾಧಾನ. ಆದ್ರೆ ನಿಜ ಹೇಳ್ಬೇಕು ಅಂದ್ರೆ ಯುವನಿಧಿ (ಓದು ಮುಗಿಸಿ ಕೆಲಸ ಸಿಗದೋರಿಗೆ ರಾಜ್ಯ ಸರ್ಕಾರ ಕೊಡೋ ಭತ್ಯೆ) ದುಡ್ಡು ಬರದೆ ಇರೋರಲ್ಲಿ ತುಂಬಾ ಜನರ ಸಮಸ್ಯೆ ಸರ್ವರ್‌ದೇ ಅಲ್ಲ. ಈ ಅರ್ಜಿ ಆಧಾರ್, ಯೂನಿವರ್ಸಿಟಿ, ಕೌಶಲ್ಯಾಭಿವೃದ್ಧಿ ಇಲಾಖೆ, ಬ್ಯಾಂಕು ಹೀಗೆ ನಾಲ್ಕು ಮನೆ ದಾಟ್ಕೊಂಡು ಹೋಗ್ಬೇಕು, ಒಂದು ಕಡೆ ಹೆಸರಲ್ಲಿ ಒಂದಕ್ಷರ ಆಚೀಚೆ ಆದ್ರೂ ಅಲ್ಲೇ ನಿಲ್ಲತ್ತೆ, ಪೋರ್ಟಲ್ ಮಾತ್ರ ಒಂದು ಸಾಲು ಕೆಂಪು ಅಕ್ಷರ ತೋರಿಸಿ ಸುಮ್ನಾಗತ್ತೆ. ಹಾಗಾಗಿ ಮತ್ತೆ ಮತ್ತೆ ಸಬ್ಮಿಟ್ ಒತ್ತೋ ಬದ್ಲು ಯಾವ ಮನೇಲಿ ನಿಂತಿದೆ ಅಂತ ಮೊದಲು ಪತ್ತೆ ಹಚ್ಚಿ, ಆಮೇಲೆ ಆ ಮನೆ ಬಾಗಿಲು ಮಾತ್ರ ತಟ್ಟಿ. ಬ್ಯಾಂಕ್ ತಪ್ಪನ್ನ ಕಾಲೇಜಲ್ಲಿ ಹೋಗಿ ಕೇಳಿದ್ರೆ ಕಾಲು ನೋವು ಬರತ್ತೆ ಅಷ್ಟೇ.

ಗೊತ್ತಿಲ್ದೋರಿಗೆ ಎರಡು ಸಾಲಲ್ಲಿ ಹೇಳ್ಬಿಡ್ತೀನಿ. 2023ರ ಡಿಸೆಂಬರ್ 26ಕ್ಕೆ ನೋಂದಣಿ ಶುರುವಾಯ್ತು, 2024ರ ಜನವರಿ 12ಕ್ಕೆ ವಿವೇಕಾನಂದ ಜಯಂತಿ ದಿನ ಶಿವಮೊಗ್ಗದಲ್ಲಿ ಮೊದಲ ಕಂತು ಹಾಕಿದ್ರು. ಡಿಗ್ರಿ ಆದೋರಿಗೆ ತಿಂಗಳಿಗೆ 3000, ಡಿಪ್ಲೊಮಾದೋರಿಗೆ 1500 ರೂಪಾಯಿ, ಹೆಚ್ಚಂದ್ರೆ 2 ವರ್ಷ, ಮಧ್ಯೆ ಕೆಲಸ ಸಿಕ್ರೆ ಅಲ್ಲಿಗೆ ನಿಂತುಹೋಗತ್ತೆ. ಪಾಸಾಗಿ 180 ದಿನ ಆದ್ರೂ ಕೆಲಸ ಸಿಕ್ಕಿರ್ಬಾರ್ದು, ಮುಂದಕ್ಕೆ ಓದ್ತಾ ಇರ್ಬಾರ್ದು, ಅಪ್ರೆಂಟಿಸ್ ಸಂಬಳ ತಗೋತಾ ಇರ್ಬಾರ್ದು. ಶುರುವಲ್ಲಿ 2022-23ರಲ್ಲಿ ಪಾಸಾದೋರಿಗೆ ಅಂತಿತ್ತು, ಆಮೇಲೆ ಮುಂದಿನ ಬ್ಯಾಚುಗಳನ್ನೂ ಸೇರಿಸಿದ್ರು. ಎಂ.ಎ.ಗೋ ಬಿ.ಇಡಿ.ಗೋ ಸೇರ್ಕೊಂಡು ಅರ್ಜಿ ಯಾಕೆ ಪಾಸಾಗ್ತಿಲ್ಲ ಅಂತ ಪೋರ್ಟಲ್‌ನ ಬೈತಿದ್ರೆ ಅದಕ್ಕೆ ನನ್ ಹತ್ರ ಔಷಧಿ ಇಲ್ಲ.

ಅಂದಹಾಗೆ ಫ್ಯಾಕ್ಟರಿ, ಕಂಪನಿ ಕೆಲಸದಲ್ಲಿದ್ದು ಕಳ್ಕೊಂಡೋರು, ಇಎಸ್‌ಐ ಕಟ್ತಿದ್ದೋರು ಇದ್ರೆ ಅವರಿಗೆ ಬೇರೆ ಸ್ಕೀಮು, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ, ಅದು ಇಎಸ್‌ಐ ಪೋರ್ಟಲ್‌ನಲ್ಲಿ ಹಾಕೋದು. ಎರಡನ್ನೂ ಕಲಸ್ಕೋಬೇಡಿ.

ಹಂತ 1: ಸರಿಯಾದ ಸೈಟಲ್ಲೇ ಇದ್ದೀರಾ?

ಅರ್ಜಿ ಹಾಕೋದು ಸೇವಾಸಿಂಧು ಅನ್ನೋ ಸರ್ಕಾರಿ ಸೈಟಲ್ಲಿ. ಆ ಹೆಸರು ಗೂಗಲ್ ಮಾಡಿದ್ರೆ ಒಂದಕ್ಕಿಂತ ಜಾಸ್ತಿ ಪುಟ ಬರತ್ತೆ. ಜಾತಿ ಆದಾಯ ಸರ್ಟಿಫಿಕೇಟಿಗೆ ಬಳಸೋ ಪುಟ ಬೇರೆ, ಗ್ಯಾರಂಟಿ ಯೋಜನೆಗಳ ಪುಟ ಬೇರೆ, ಗ್ಯಾರಂಟಿ ಪುಟದ ವಿಳಾಸದಲ್ಲಿ ಸೇವಾಸಿಂಧು ಅಂತ ಮುಗಿದ ತಕ್ಷಣ ಜಿ ಎಸ್ ಅನ್ನೋ ಎರಡು ಅಕ್ಷರ ಇರತ್ತೆ, ಕೊನೆಗೆ ಕರ್ನಾಟಕ ಡಾಟ್ ಗೌ ಡಾಟ್ ಇನ್ ಇರ್ಲೇಬೇಕು. ಅದಿಲ್ಲ ಅಂದ್ರೆ ಮುಂದೆ ಹೋಗ್ಬೇಡಿ. ವಾಟ್ಸಾಪಲ್ಲಿ ‘ಯುವನಿಧಿ ಆ್ಯಪ್’ ಅಂತ ಎಪಿಕೆ ಫೈಲ್ ಬಂದ್ರಂತೂ ಮುಟ್ಲೇಬೇಡಿ, 3000 ಬರೋದಿರ್ಲಿ ಖಾತೇಲಿದ್ದದ್ದೂ ಹೋಗತ್ತೆ. ಅರ್ಜಿ ಹಾಕೋದಕ್ಕೆ ಸರ್ಕಾರಕ್ಕೆ ದುಡ್ಡು ಕಟ್ಟೋ ಹಾಗಿಲ್ಲ ಅನ್ನೋದೂ ನೆನಪಿರ್ಲಿ.

ಪೇಜು ಲೋಡ್ ಆಗ್ತಾನೇ ಇಲ್ಲ, ಸುತ್ತುತ್ತಲೇ ಇದೆ ಅಂದ್ರೆ ಬ್ರೌಸರಲ್ಲಿ ಇನ್‌ಕಾಗ್ನಿಟೋ ಓಪನ್ ಮಾಡಿ ಟ್ರೈ ಮಾಡಿ, ಪಾಪ್-ಅಪ್ ಬ್ಲಾಕ್ ಆಗಿದ್ಯಾ ನೋಡಿ, ಆಧಾರ್ ಒಪ್ಪಿಗೆ ಕೇಳೋ ಥರದ ವಿಂಡೋ ಬೇರೆಯಾಗಿ ತೆರ್ಕೊಳ್ಳೋದು ಬ್ಲಾಕ್ ಆಗಿದ್ರೆ ನಿಮಗೆ ಏನೂ ಕಾಣಲ್ಲ, ಸುಮ್ನೆ ಕೂತಿರ್ತೀರಿ. ಫೋನಿನ ಡೇಟು ಟೈಮು ತಪ್ಪಿದ್ರೂ ಸೈಟು ತೆರೆಯಲ್ಲ, ಹಳೇ ಫೋನಲ್ಲಿ ಇದು ಮಾಮೂಲು. ಇಷ್ಟೆಲ್ಲ ಮಾಡಿದ್ರೂ ಆಗ್ಲಿಲ್ಲ ಅಂದ್ರೆ ಆಗ ನಿಜವಾಗ್ಲೂ ಸರ್ವರ್ ಸಮಸ್ಯೆ ಅಂತ ಇಟ್ಕೊಳ್ಳಿ, ಬೆಳಿಗ್ಗೆ ಬೇಗ ಕೂತು ನೋಡಿ.

ಹಂತ 2: ಓಟಿಪಿ ಬರ್ತಿಲ್ಲ

ಓಟಿಪಿ ಬರೋದು ನಿಮ್ಮ ಕೈಲಿರೋ ನಂಬರಿಗಲ್ಲ, ಆಧಾರಿಗೆ ಕೊಟ್ಟಿರೋ ನಂಬರಿಗೆ. ಆರನೇ ಕ್ಲಾಸಲ್ಲಿದ್ದಾಗ ಆಧಾರ್ ಮಾಡಿಸ್ದಾಗ ಅಪ್ಪನ ನಂಬರೋ ಮಾವನ ನಂಬರೋ ಕೊಟ್ಟಿರ್ತಾರೆ, ಆ ಸಿಮ್ ಈಗ ಯಾರ ಹತ್ರ ಇದೆಯೋ ದೇವರಿಗೇ ಗೊತ್ತು. ಮೈಆಧಾರ್ ಸೈಟಲ್ಲಿ ಮೊಬೈಲ್ ವೆರಿಫೈ ಮಾಡೋ ಆಪ್ಷನ್ ಇದೆ, ಅಲ್ಲಿ ಆಧಾರ್ ನಂಬರು, ಮೊಬೈಲ್ ನಂಬರು ಹಾಕಿದ್ರೆ ಎರಡೂ ಜೋಡಿ ಆಗಿದ್ಯೋ ಇಲ್ವೋ ಹೇಳತ್ತೆ. ಇಲ್ಲ ಅಂದ್ರೆ ಆಧಾರ್ ಸೆಂಟರಿಗೆ ಹೋಗಿ ಬೆರಳು ಕೊಟ್ಟು ನಂಬರ್ ಬದಲಾಯಿಸ್ಕೊಳ್ಳಿ, 2025ರ ಅಕ್ಟೋಬರಿಂದ ಇದಕ್ಕೆ 75 ರೂಪಾಯಿ, ಅದಕ್ಕಿಂತ ಜಾಸ್ತಿ ಕೇಳಿದ್ರೆ ರಸೀದಿ ಕೇಳಿ.

ನಂಬರ್ ಸರಿ ಇದ್ದೂ ಬರ್ತಿಲ್ವಾ? ರೀಚಾರ್ಜ್ ಮುಗಿದು ಇನ್‌ಕಮಿಂಗ್ ನಿಂತಿರ್ಬೋದು, ಮೆಸೇಜ್ ಬಾಕ್ಸು ತುಂಬಿರ್ಬೋದು. ಇನ್ನೊಂದಿದೆ, ಯಾರೋ ಸೇಫ್ಟಿಗೆ ಅಂತ ಹೇಳಿದ್ರು ಅಂತ ಆಧಾರ್ ಲಾಕ್ ಮಾಡಿಟ್ಟು ಮರೆತಿರ್ತೀರಿ, ಲಾಕ್ ಇದ್ರೆ ಆಧಾರ್ ನಂಬರ್ ಹಾಕಿ ಎಲ್ಲೂ ದೃಢೀಕರಣ ಆಗಲ್ಲ, ಅನ್‌ಲಾಕ್ ಮಾಡಿ. ಆಧಾರ್ ವಿಷಯ ಏನೇ ಇದ್ರೂ 1947ಗೆ ಫೋನ್ ಮಾಡ್ಬೋದು, ಕನ್ನಡದಲ್ಲೇ ಮಾತಾಡ್ತಾರೆ.

ಹಂತ 3: ಹೆಸರು ತಾಳೆ ಆಗ್ತಿಲ್ಲ

ಇದು ನಮ್ಮ ರಾಜ್ಯದ ದೊಡ್ಡ ತಲೆನೋವು ನೋಡಿ. ಮೈಸೂರು ಮಂಡ್ಯ ಕಡೆ ಇನಿಷಿಯಲ್ಲು, ಹುಬ್ಬಳ್ಳಿ ಬೆಳಗಾವಿ ಕಡೆ ಅಪ್ಪನ ಹೆಸರು, ಅದರ ಮೇಲೆ ಅಡ್ಡಹೆಸರು. ಮಾರ್ಕ್ಸ್ ಕಾರ್ಡಲ್ಲಿ ‘ಬಸವರಾಜ ಶಿವಪ್ಪ ಹಾದಿಮನಿ’ ಅಂತಿರತ್ತೆ, ಆಧಾರಲ್ಲಿ ‘ಬಸವರಾಜ ಹಾದಿಮನಿ’, ಬ್ಯಾಂಕ್ ಪಾಸ್‌ಬುಕ್ಕಲ್ಲಿ ‘ಬಸವರಾಜ ಎಸ್’. ನಮ್ಮೂರಿನ ಪೋಸ್ಟ್‌ಮ್ಯಾನಿಗೆ ಮೂವರೂ ಒಬ್ಬನೇ, ಕಂಪ್ಯೂಟರಿಗೆ ಮೂರು ಜನ. ಲಕ್ಷ್ಮಿ ಅನ್ನೋ ಹೆಸರನ್ನ ಇಂಗ್ಲಿಷಲ್ಲಿ ಒಬ್ರು ಕೆ ಎಸ್ ಎಚ್ ಹಾಕಿ ಬರೆದಿರ್ತಾರೆ, ಇನ್ನೊಬ್ರು ಬರೀ ಎಕ್ಸ್ ಹಾಕಿರ್ತಾರೆ.

ಇದಕ್ಕೆ ಮೊದಲು ಮೂರೂ ದಾಖಲೆ ಟೇಬಲ್ ಮೇಲೆ ಇಟ್ಕೊಂಡು ಇಂಗ್ಲಿಷ್ ಅಕ್ಷರಗಳನ್ನ ಒಂದೊಂದಾಗಿ, ಮಧ್ಯದ ಜಾಗ ಮತ್ತೆ ಚುಕ್ಕೆ ಸಮೇತ ಓದಿ ನೋಡಿ. ವ್ಯತ್ಯಾಸ ಸಿಕ್ರೆ ಯಾವ್ದನ್ನ ತಿದ್ಸೋದು? ನನ್ನ ಪ್ರಕಾರ ಎಸ್ಸೆಸ್ಸೆಲ್ಸಿ ಮತ್ತು ಡಿಗ್ರಿ ಮಾರ್ಕ್ಸ್ ಕಾರ್ಡಲ್ಲಿ ಒಂದೇ ಥರ ಇದ್ರೆ ಅದನ್ನ ಮುಟ್ಟೋಕೆ ಹೋಗ್ಬೇಡಿ, ಬೋರ್ಡು ಯೂನಿವರ್ಸಿಟಿ ಅಂತ ಅಲೆಯೋದು ಬಹಳ ಉದ್ದದ ಕಥೆ, ಅದರ ಬದ್ಲು ಆಧಾರ್‌ನ ಮಾರ್ಕ್ಸ್ ಕಾರ್ಡ್ ಥರ ಮಾಡಿಸ್ಕೊಳ್ಳಿ. ಆದ್ರೆ ಹುಷಾರು, ಆಧಾರಲ್ಲಿ ಹೆಸರು ಜೀವಮಾನದಲ್ಲಿ 2 ಸಲ ಮಾತ್ರ ಬದಲಾಯಿಸ್ಬೋದು, ಹುಟ್ಟಿದ ತಾರೀಖು 1 ಸಲ. ಸೆಂಟರಲ್ಲಿ ಆಪರೇಟರ್ ಟೈಪ್ ಮಾಡಿದ್ಮೇಲೆ ಸ್ಕ್ರೀನ್ ನಿಮ್ಮ ಕಡೆ ತಿರುಗ್ಸಿ ಅಂತ ಕೇಳಿ ಓದ್ಕೊಂಡೇ ಓಕೆ ಅನ್ನಿ, ನಾಚ್ಕೋಬೇಡಿ.

ಹಂತ 4: ಡಿಗ್ರಿ ಮಾಹಿತಿ ಸಿಗ್ತಿಲ್ಲ ಅಂತ ತೋರಿಸ್ತಿದೆ

ಪಾಸಾಗಿರೋ ಸರ್ಟಿಫಿಕೇಟ್ ಕೈಲಿದೆ, ಪೋರ್ಟಲ್ ಮಾತ್ರ ಇಲ್ಲ ಅನ್ನತ್ತೆ, ಯಾಕೆ? ಇಲಾಖೆ ನೋಡೋದು ನಿಮ್ಮ ಕೈಲಿರೋ ಪೇಪರ್ ಅಲ್ಲ, ಯೂನಿವರ್ಸಿಟಿ ನ್ಯಾಡ್‌ಗೆ, ಅಂದ್ರೆ ಡಿಜಿಲಾಕರ್ ಜೊತೆ ಇರೋ ರಾಷ್ಟ್ರೀಯ ಶೈಕ್ಷಣಿಕ ದಾಖಲೆಗಳ ಖಜಾನೆಗೆ ಹಾಕಿರೋ ದಾಖಲೆನ. ಅಲ್ಲಿಗೆ ನಿಮ್ಮ ಪಿಡಿಸಿನೋ (ತಾತ್ಕಾಲಿಕ ಪದವಿ ಪ್ರಮಾಣಪತ್ರ) ಡಿಗ್ರಿ ಸರ್ಟಿಫಿಕೇಟೋ ಅಪ್‌ಲೋಡ್ ಆಗಿಲ್ಲ ಅಂದ್ರೆ ನೀವು ರ‍್ಯಾಂಕ್ ಬಂದಿದ್ರೂ ಲೆಕ್ಕಕ್ಕಿಲ್ಲ. ಎಷ್ಟೋ ಜನ ಮಾಡೋದೇನಂದ್ರೆ ಮಾರ್ಕ್ಸ್ ಕಾರ್ಡ್ ಫೋಟೋ ಹೊಡ್ದು ಡಿಜಿಲಾಕರಲ್ಲಿ ತಾವೇ ಹಾಕ್ಕೊಂಡು ‘ಇದ್ಯಲ್ಲ’ ಅಂತಾರೆ, ಅದು ನಿಮ್ಮ ಸ್ವಂತ ಡ್ರೈವ್‌ನಲ್ಲಿ ಇಟ್ಕೊಂಡ ಫೋಟೋ ಅಷ್ಟೇ, ‘ಇಶ್ಯೂಡ್ ಡಾಕ್ಯುಮೆಂಟ್ಸ್’ ಅನ್ನೋ ಭಾಗದಲ್ಲಿ ಬಂದ್ರೆ ಮಾತ್ರ ಯೂನಿವರ್ಸಿಟಿ ಕೊಟ್ಟ ಹಾಗೆ. ಡಿಜಿಲಾಕರಲ್ಲಿ ನಿಮ್ಮ ಯೂನಿವರ್ಸಿಟಿ ಹೆಸರು ಹುಡುಕಿ ರಿಜಿಸ್ಟರ್ ನಂಬರು, ಪಾಸಾದ ವರ್ಷ ಹಾಕಿ ನೋಡಿ.

ಇಲ್ಲ ಅಂತ ಬಂದ್ರೆ ಆ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡು ಸೀದಾ ಕಾಲೇಜಿಗೆ ಹೋಗಿ. ಅಲ್ಲಿಂದ ಯೂನಿವರ್ಸಿಟಿಯ ಕುಲಸಚಿವರು (ಮೌಲ್ಯಮಾಪನ) ಇವರಿಗೆ ಒಂದು ಅರ್ಜಿ, ಜೊತೆಗೆ ಮಾರ್ಕ್ಸ್ ಕಾರ್ಡ್ ಮತ್ತು ಆಧಾರ್ ಜೆರಾಕ್ಸ್. ಡಿಪ್ಲೊಮಾದೋರಿಗೆ ತಾಂತ್ರಿಕ ಶಿಕ್ಷಣ ಇಲಾಖೆ ಕಡೆಯಿಂದ ಆಗ್ಬೇಕಾದ ಕೆಲಸ ಇದು, ನಿಮ್ಮ ಪಾಲಿಟೆಕ್ನಿಕ್ ಆಫೀಸಲ್ಲೇ ಶುರು ಮಾಡಿ. ಒಬ್ಬೊಬ್ರೇ ಹೋಗೋಕಿಂತ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಯಾರ್ಯಾರದ್ದು ಬಂದಿಲ್ಲ ಅಂತ ಕೇಳಿ ಪಟ್ಟಿ ಮಾಡ್ಕೊಂಡು ಒಟ್ಟಿಗೆ ಹೋದ್ರೆ ಆಫೀಸಿನವರೂ ಒಂದೇ ಸಲ ಕಳಿಸ್ತಾರೆ, ಇದು ನಿಜವಾಗ್ಲೂ ಕೆಲಸ ಮಾಡತ್ತೆ.

ಹಂತ 5: ನೀವು ಕೆಲಸದಲ್ಲಿದ್ದೀರಿ ಅನ್ನೋ ಕಾರಣಕ್ಕೆ ತಿರಸ್ಕಾರ

ಕಾಲೇಜ್ ಮುಗಿದ್ಮೇಲೆ ಯಾವ್ದೋ ಬಿಪಿಓದಲ್ಲೋ ಡೆಲಿವರಿ ಗೋಡೌನಲ್ಲೋ ಒಂದೆರಡು ತಿಂಗಳು ಇದ್ದು ಬಿಟ್ಟಿರ್ತೀರಿ, ಅವರು ಪಿಎಫ್ ಕಟ್ಟಿರ್ತಾರೆ, ಬಿಟ್ಟ ತಾರೀಖು ಹಾಕಿರಲ್ಲ. ದಾಖಲೆಲಿ ನೀವಿನ್ನೂ ಅಲ್ಲೇ ಕೆಲಸ ಮಾಡ್ತಿದ್ದೀರಿ! ಪಿಎಫ್ ಮೆಂಬರ್ ಪೋರ್ಟಲಲ್ಲಿ ಲಾಗಿನ್ ಆಗಿ ಸರ್ವೀಸ್ ಹಿಸ್ಟರಿ ನೋಡಿ, ಬಿಟ್ಟ ದಿನಾಂಕದ ಜಾಗ ಖಾಲಿ ಇದ್ರೆ ‘ಮಾರ್ಕ್ ಎಕ್ಸಿಟ್’ ಅಂತಿರತ್ತೆ, ಕೊನೇ ಸಲ ಪಿಎಫ್ ಕಟ್ಟಿ 2 ತಿಂಗಳಾದ್ಮೇಲೆ ಕಂಪನಿಯವರನ್ನ ಕೇಳ್ದೇ ನೀವೇ ಹಾಕ್ಬೋದು. ನಿಜವಾಗ್ಲೂ ಕೆಲಸದಲ್ಲಿದ್ದು ಇಲ್ಲ ಅಂತ ಬರ್ಕೊಡೋಕೆ ಹೋಗ್ಬೇಡಿ, ಸುಳ್ಳು ಘೋಷಣೆ ಕೊಟ್ರೆ ಕ್ರಮ ಇದೆ.

ಹಂತ 6: ಮಂಜೂರಾಗಿದೆ, ದುಡ್ಡು ಮಾತ್ರ ಬಂದಿಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಬಹಳ ಜನ ಎಡವೋದು ಇಲ್ಲೇ.

ಯುವನಿಧಿ ದುಡ್ಡು ನೀವು ಬರ್ಕೊಟ್ಟ ಅಕೌಂಟ್ ನಂಬರಿಗೆ ಬರಲ್ಲ, ಡಿಬಿಟಿ (ನೇರ ನಗದು ವರ್ಗಾವಣೆ) ಮೂಲಕ ಆಧಾರ್ ನಂಬರಿಗೆ ಕಳಿಸ್ತಾರೆ, ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಎನ್‌ಪಿಸಿಐನವರ (ಬ್ಯಾಂಕುಗಳ ನಡುವೆ ಪಾವತಿ ನಡೆಸೋ ಸಂಸ್ಥೆ) ಪಟ್ಟಿ ನೋಡಿ ಅಲ್ಲಿಗೆ ಹೋಗತ್ತೆ. ಆ ಪಟ್ಟೀಲಿ ಒಬ್ಬರಿಗೆ ಒಂದೇ ಬ್ಯಾಂಕು, ಕೊನೆಗೆ ಯಾವ್ದನ್ನ ಜೋಡಿಸಿದ್ದೀರೋ ಅದು. ಬ್ಯಾಂಕಲ್ಲಿ ಕೇಳಿದ್ರೆ ‘ನಿಮ್ಮ ಆಧಾರ್ ಲಿಂಕ್ ಆಗಿದೆ’ ಅಂತಾರೆ, ಅದು ಕೆವೈಸಿಗೆ ಕೊಟ್ಟ ಲಿಂಕು, ಎನ್‌ಪಿಸಿಐ ಸೀಡಿಂಗ್, ಅಂದ್ರೆ ಆ ಪಟ್ಟಿಗೆ ಸೇರಿಸೋದು, ಬೇರೆ. ಕೌಂಟರಲ್ಲಿ ‘ಲಿಂಕ್ ಆಗಿದ್ಯಾ’ ಅಂತ ಕೇಳ್ಬೇಡಿ, ‘ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಆಗಿದ್ಯಾ’ ಅಂತಾನೇ ಕೇಳಿ, ಉತ್ತರ ಬೇರೆ ಬರತ್ತೆ.

ಬ್ಯಾಂಕಿಗೆ ಹೋಗೋಕೆ ಮುಂಚೆ ಮನೇಲೇ ನೋಡ್ಕೊಳ್ಳೋಕೆ ಎರಡು ದಾರಿ. ಮೈಆಧಾರ್ ಸೈಟಲ್ಲಿ ಲಾಗಿನ್ ಆಗಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದ್ರೆ ಬ್ಯಾಂಕ್ ಹೆಸರು, ಆ್ಯಕ್ಟಿವ್ ಇದ್ಯಾ ಇಲ್ವಾ ತೋರಿಸತ್ತೆ. ಇನ್ನೊಂದು ಸರ್ಕಾರದ್ದೇ ಡಿಬಿಟಿ ಕರ್ನಾಟಕ ಆ್ಯಪು, ಪ್ಲೇಸ್ಟೋರಲ್ಲಿ ಸಿಗತ್ತೆ, ಆಧಾರ್ ಓಟಿಪಿ ಹಾಕಿ 4 ಅಂಕಿ ಪಿನ್ ಇಟ್ಕೊಂಡ್ರೆ ಯಾವ ಯೋಜನೆ ದುಡ್ಡು ಯಾವತ್ತು ಯಾವ ಬ್ಯಾಂಕಿಗೆ ಹೋಗಿದೆ ಅಂತ ಪೂರ್ತಿ ಕಾಣತ್ತೆ. ಎಷ್ಟೋ ಸಲ ದುಡ್ಡು ಬಂದೇ ಇರತ್ತೆ ಕಣ್ರಿ, ಹೊಸ ಸಿಮ್ ತಗೊಂಡಾಗ ಅಂಗಡಿಯವನು ಬೆರಳು ಒತ್ತಿಸ್ಕೊಂಡು ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೇಲೋ, ಹೈಸ್ಕೂಲಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ಮಾಡಿಸಿದ ಖಾತೇಲೋ ಕೂತಿರತ್ತೆ, ಪಾಸ್‌ಬುಕ್ ಅಜ್ಜಿ ಟ್ರಂಕಲ್ಲಿ ಇರತ್ತೆ.

ಬ್ಯಾಂಕ್ ಬದಲಾಯಿಸ್ಬೇಕಾ, ಬೇಕಾದ ಬ್ಯಾಂಕಿನ ಶಾಖೆಗೆ ಆಧಾರ್, ಪಾಸ್‌ಬುಕ್ ತಗೊಂಡು ಹೋಗಿ ಆಧಾರ್ ಸೀಡಿಂಗ್ ಫಾರ್ಮ್ ತುಂಬಿ ಕೊಡಿ, ಹಳೇ ಬ್ಯಾಂಕ್ ಹೆಸರು ಕೇಳೋ ಜಾಗ ಇದ್ರೆ ಖಾಲಿ ಬಿಡ್ಬೇಡಿ. ಎನ್‌ಪಿಸಿಐ ಸೈಟಲ್ಲಿ ಆನ್‌ಲೈನಾಗೂ ಸೀಡಿಂಗ್ ಮಾಡ್ಬೋದು, ನಿಮ್ಮ ಬ್ಯಾಂಕು ಆ ಪಟ್ಟೀಲಿ ಇರ್ಬೇಕು ಅಷ್ಟೇ. ಕೆಲವು ದಿನ ಬಿಟ್ಟು ಮತ್ತೆ ಸ್ಟೇಟಸ್ ನೋಡಿ.

ಸೀಡಿಂಗ್ ಸರಿ ಇದ್ದೂ ವಾಪಸ್ ಹೋಗ್ತಿದ್ರೆ ಖಾತೆನೇ ಮಲಗಿರ್ಬೋದು. 2 ವರ್ಷ ವ್ಯವಹಾರ ಇಲ್ದಿದ್ರೆ ಖಾತೆ ನಿಷ್ಕ್ರಿಯ ಆಗತ್ತೆ, ಮೈನರ್ ಇದ್ದಾಗ ತೆರೆದ ಖಾತೆ 18 ಆದ್ಮೇಲೆ ಬದಲಾಯಿಸಿರಲ್ಲ, ಕೆವೈಸಿ ಬಾಕಿ ಅಂತ ತಡೆದಿರ್ತಾರೆ. ಇವೆಲ್ಲ ಶಾಖೆಲಿ ಕೂತು ಕೆವೈಸಿ ಕೊಟ್ರೆ ಮುಗಿಯೋ ಕೆಲಸ, ಆದ್ರೆ ಸೇವಾಸಿಂಧು ಸಹಾಯವಾಣಿಯವರು ಇದನ್ನ ಸರಿ ಮಾಡೋಕಾಗಲ್ಲ.

ಹಂತ 7: ಬರ್ತಿತ್ತು, ನಿಂತೋಯ್ತು

ಸ್ವಯಂ ಘೋಷಣೆ ಕೊಟ್ರಾ? ‘ನನಗಿನ್ನೂ ಕೆಲಸ ಸಿಕ್ಕಿಲ್ಲ, ಮುಂದಕ್ಕೆ ಓದ್ತಾನೂ ಇಲ್ಲ’ ಅಂತ ಆಗಾಗ ಲಾಗಿನ್ ಆಗಿ ಹೇಳ್ತಿರ್ಬೇಕು. ಶುರುವಲ್ಲಿ ಪ್ರತಿ ತಿಂಗಳು 25ರೊಳಗೆ ಅಂತಿತ್ತು, ಈಗ ನಿಮ್ಮ ಲಾಗಿನ್‌ನಲ್ಲಿ ಯಾವ ಗಡುವು ತೋರಿಸ್ತಿದ್ಯೋ ಅದನ್ನೇ ನಂಬಿ, ಯೂಟ್ಯೂಬ್ ಥಂಬ್‌ನೇಲ್ ನಂಬ್ಬೇಡಿ. ಕೊನೇ ದಿನ ಸಂಜೆ ಎಲ್ಲರೂ ಒಟ್ಟಿಗೆ ನುಗ್ತಾರೆ, ಆಗ ಓಟಿಪಿ ಬರೋದ್ರೊಳಗೆ ಸೆಷನ್ ಮುಗಿದಿರತ್ತೆ, ಅದಕ್ಕೆ ಗಡುವಿನ ಮೊದಲ ವಾರದಲ್ಲೇ ಮುಗಿಸಿ, ಸ್ವೀಕೃತಿ ಬಂದಿರೋ ಪುಟ ಸೇವ್ ಮಾಡಿ.

ಹಂತ 8: ಎಲ್ಲ ಸರಿ ಇದ್ದೂ ಆಗ್ತಿಲ್ಲ

ಇಷ್ಟು ನೋಡಿ ಎಲ್ಲೂ ತಪ್ಪಿಲ್ಲ ಅಂದ್ರೆ ಆಗ ದೂರು ಕೊಡೋ ಹಕ್ಕು ನಿಮ್ಮದು. ಊರಲ್ಲಿ ಗ್ರಾಮ ಒನ್, ಪೇಟೇಲಿ ಕರ್ನಾಟಕ ಒನ್ ಇದೆ, ಆದ್ರೆ ಅವರ ಕೈಲಿ ಇರೋದು ಅರ್ಜಿ ಹಾಕೋದು ಮಾತ್ರ, ಒಳಗಿನ ದಾಖಲೆ ಅವರು ತಿದ್ದೋಕಾಗಲ್ಲ, ಅವರ ಮೇಲೆ ರೇಗಿ ಪ್ರಯೋಜನ ಇಲ್ಲ. ನಿಮ್ಮ ಜಿಲ್ಲೆಯ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ, ಯುವನಿಧಿ ವಿಷಯ ಕೇಳೋ ಜಾಗ ಅದು. ಅರ್ಜಿ ನಂಬರು, ಎರರ್ ಬಂದ ಸ್ಕ್ರೀನ್‌ಶಾಟು, ಅದರಲ್ಲಿ ದಿನ ಮತ್ತೆ ಟೈಮ್ ಕಾಣ್ಬೇಕು, ಡಿಜಿಲಾಕರ್ ಸರ್ಟಿಫಿಕೇಟು, ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಪ್ರಿಂಟು, ಇಷ್ಟು ಒಂದು ಫೈಲಲ್ಲಿ ಹಾಕ್ಕೊಂಡು ಹೋದ್ರೆ ‘ಅದು ತನ್ನಿ ಇದು ತನ್ನಿ’ ಅಂತ ವಾಪಸ್ ಕಳ್ಸೋಕೆ ಅವರಿಗೆ ಕಾರಣ ಸಿಗಲ್ಲ.

ಅಲ್ಲೂ ಆಗ್ಲಿಲ್ಲ ಅಂದ್ರೆ ರಾಜ್ಯ ಸರ್ಕಾರದ ಜನಸ್ಪಂದನ, 1902ಗೆ ಫೋನ್ ಮಾಡಿದ್ರೆ ದೂರು ಬರ್ಕೋತಾರೆ, ಆನ್‌ಲೈನಲ್ಲೂ ಹಾಕ್ಬೋದು. ‘ದುಡ್ಡು ಬಂದಿಲ್ಲ’ ಅಂತಷ್ಟೇ ಹೇಳಿದ್ರೆ ಎಲ್ಲಿಗೆ ಕಳಿಸ್ಬೇಕು ಅಂತ ಅವರಿಗೂ ಗೊತ್ತಾಗಲ್ಲ, ‘ಅರ್ಜಿ ಮಂಜೂರಾಗಿದೆ, ಸೀಡಿಂಗ್ ಆ್ಯಕ್ಟಿವ್ ಇದೆ, ಘೋಷಣೆ ಕೊಟ್ಟಿದ್ದೀನಿ, ಇಂಥಾ ತಿಂಗಳಿಂದ ಬಂದಿಲ್ಲ’ ಅಂತ ಹೇಳಿ. ಫೋನ್ ಇಡೋಕೆ ಮುಂಚೆ ದೂರಿನ ನಂಬರ್ ಕೇಳಿ ಬರ್ಕೊಳ್ಳಿ, ಮುಂದಿನ ಸಲ ಅದೇ ನಂಬರ್ ಹೇಳಿ ಮಾತಾಡಿ, ಹೊಸ ದೂರು ಹಾಕ್ಬೇಡಿ.