ಜ್ವರ ಕೇಳುವ ಮೊದಲು ಕಾಲು ನೋಡಿ

ನಾನು ಮಂಡ್ಯದ ಒಂದು ನಗರ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಹುದ್ದೆಯ ಹೆಸರು ಎರಡು ಸಲ ಬದಲಾಗಿದೆ. ಕೇರಿಯವರಿಗೆ ಮಾತ್ರ ಅಂದಿಗೂ ಇಂದಿಗೂ ನಾನು ಸಿಸ್ಟರ್.

ಕೆಲವು ವರ್ಷದ ಹಿಂದೆ, ಗಣಪತಿ ಬಿಟ್ಟ ಮರುವಾರ, ನಮ್ಮ ಏರಿಯಾದ ಒಬ್ಬ ಹುಡುಗನಿಗೆ ಇಲಿ ಜ್ವರ ಅಂತ ವರದಿ ಬಂತು. ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವನು. ಮೊದಲು ಎಲ್ಲರೂ ಡೆಂಗ್ಯೂ ಅಂದುಕೊಂಡಿದ್ದರು. ಮೀನಖಂಡ ಮುಟ್ಟಿದರೆ ಸಾಕು, ಕಿರುಚುತ್ತಿದ್ದನಂತೆ. ಕಣ್ಣು ಕೆಂಡದಂತಿತ್ತು, ಆದರೆ ಗೀಜು ಇರಲಿಲ್ಲ. ಐದು ದಿನ ಬರೀ ನೋವಿನ ಮಾತ್ರೆಯಲ್ಲೇ ಕಳೆದುಹೋಯಿತು. ಕಣ್ಣು ಹಳದಿಯಾಗಿ, ಮೂತ್ರ ಕಮ್ಮಿಯಾದ ಮೇಲೆ ದೊಡ್ಡಾಸ್ಪತ್ರೆಗೆ ಹೋದರು. ಹುಡುಗ ಬದುಕಿದ. ಅವನ ತಾಯಿ ಮಾತ್ರ ಆ ಐದು ದಿನದ ಮಾತು ಬಂದಾಗಲೆಲ್ಲ ಈಗಲೂ ಅಳುತ್ತಾರೆ.

ಅವನ ಮನೆಯ ಸುತ್ತಮುತ್ತ ಸರ್ವೆ ಮಾಡಿ ಅಂತ ನನಗೆ ಹೇಳಿದರು. ನಾನೂ ನಮ್ಮ ಆಶಾ ಕಾರ್ಯಕರ್ತೆಯೂ ರಿಜಿಸ್ಟರ್ ಹಿಡಿದು ಹೊರಟೆವು. ಪ್ರಶ್ನೆ ಎರಡೇ. ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ? ಇಲಿ ಇದೆಯಾ? ಒಂದು ಇಡೀ ಬೀದಿ ಮುಗಿಸಿದೆವು. ಜ್ವರ ಇಲ್ಲ, ಇಲಿ ಇಲ್ಲ. ಪುಟದ ತುಂಬ ‘ಇಲ್ಲ’ಗಳೇ.

ಕೊನೆಯ ಮನೆಯ ಜಗಲಿ ಮೇಲೆ ಒಬ್ಬ ಅಜ್ಜಿ ಕೂತು ಕಾಲಿಗೆ ಚೊಂಬಿನಲ್ಲಿ ನೀರು ಹಾಕಿಕೊಳ್ಳುತ್ತಿದ್ದರು. ಅವರ ಮನೆಯದೂ ಬರೆದುಕೊಂಡಾಗಿತ್ತು. ಹೊರಡುವಾಗ ಸುಮ್ನೆ ಕಣ್ಣು ಅವರ ಪಾದದ ಮೇಲೆ ಬಿತ್ತು. ಬೆರಳ ಸಂದು ಬೆಳ್ಳಗೆ ನೆಂದು ಬಿರುಕು ಬಿಟ್ಟಿತ್ತು. ಕೆಸರುಹುಣ್ಣು. ಒಂದು ಸಂದಿನಲ್ಲಿ ರಕ್ತದ ಗೆರೆ, ಅದರ ಮೇಲೆ ಅರಿಶಿನ.

‘ಇದೇನಜ್ಜಿ?’ ಅಂದೆ.

‘ಮೋರಿ ಕಟ್ಕಂಡಿತ್ತು ಕಣವ್ವ. ಹೇಳಿ ಹೇಳಿ ಸಾಕಾಯ್ತು, ಯಾರೂ ಬರ್ನಿಲ್ಲ. ನಾನೇ ಇಳ್ದು ಕಡ್ಡೀಲಿ ತಿವ್ದೆ.’

ನಾನು ಅಲ್ಲೇ ಕೂತುಬಿಟ್ಟೆ. ಆ ಹುಡುಗನ ಮನೆ ಮುಂದೆಯೂ ಹರಿಯುವುದು ಇದೇ ಮೋರಿ. ಅಜ್ಜಿ ಅದರೊಳಗೆ ಹುಣ್ಣಿನ ಕಾಲಿಟ್ಟು ನಿಂತಿದ್ದಾರೆ. ನನ್ನ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಎರಡು ‘ಇಲ್ಲ’ ಇವೆ.

ಈ ರೋಗಾಣುವಿನ ಹೆಸರು ಲೆಪ್ಟೋಸ್ಪೈರಾ. ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ಮನೆ ಮಾಡಿಕೊಂಡಿರುತ್ತದೆ. ಇಲಿಗೆ ಇದರಿಂದ ಏನೂ ತೊಂದರೆಯಿಲ್ಲ. ಉಚ್ಚೆಯ ಜೊತೆ ಹೊರಗೆ ಬಂದು ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಚೆನ್ನಾಗಿ ಒಣಗಿದ ಜಾಗದಲ್ಲಿ ಸಾಯುತ್ತದೆ, ಬ್ಲೀಚಿಂಗ್ ಪೌಡರಿಗೂ ಸಾಯುತ್ತದೆ. ನಮ್ಮೊಳಗೆ ಬರುವುದು ಗಾಯದಿಂದ, ನೆಂದು ಸುಲಿದ ಚರ್ಮದಿಂದ, ಇಲ್ಲವೇ ಕಣ್ಣು, ಮೂಗು, ಬಾಯಿಯಿಂದ. ಒಳಗೆ ಹೋದವರೆಲ್ಲ ಮಲಗುವುದಿಲ್ಲ. ಬಹಳ ಜನರಿಗೆ ಏನೂ ಆಗುವುದಿಲ್ಲ, ಅಥವಾ ಎರಡು ದಿನ ಮೈಕೈ ನೋವು ಬಂದು ಹೋಗುತ್ತದೆ. ಕೆಲವರಿಗೆ ಮಾತ್ರ ಆ ಹುಡುಗನ ಹಾಗೆ ಲಿವರ್, ಮೂತ್ರಪಿಂಡ, ಶ್ವಾಸಕೋಶದವರೆಗೆ ಹೋಗುತ್ತದೆ. ಜ್ವರ ಬಂದವರನ್ನಷ್ಟೇ ಎಣಿಸಿದರೆ, ಸೋಂಕು ತಗುಲಿದ ಎಷ್ಟೋ ಜನ ಲೆಕ್ಕಕ್ಕೇ ಬರುವುದಿಲ್ಲ ಅಂತ ನನಗೆ ಅರ್ಥವಾಗಿದ್ದು ಆ ಜಗಲಿ ಮೇಲೆ.

ಮಾರನೇ ದಿನ ಅದೇ ಬೀದಿಗೆ ಮತ್ತೆ ಹೋದೆವು. ಈ ಸಲ ಪ್ರಶ್ನೆಗಳೇ ಬೇರೆ.

‘ನಿನ್ನೆ ಎಲ್ಲೆಲ್ಲಿ ಕಾಲು ನೆನೀತು?’ ಇದು ಮೊದಲನೆಯದು. ಜನ ನಗುತ್ತಾರೆ, ಆಮೇಲೆ ಯೋಚಿಸಿ ಹೇಳುತ್ತಾರೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಾಗ ಬರಿಗಾಲು. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಬರಿಗಾಲು. ಮಕ್ಕಳ ಚೆಂಡು ಮೋರಿಗೆ ಬಿದ್ದರೆ ಇಳಿಯುವುದು ಬರಿಗಾಲಲ್ಲೇ.

ಎರಡನೆಯದು ಮಳೆಯದು. ‘ಜೋರು ಮಳೆ ಬಂದಾಗ ಮೋರಿ ನೀರು ಎಲ್ಲಿವರೆಗೆ ಬರುತ್ತೆ, ಕೈಯಲ್ಲಿ ತೋರಿಸಿ.’ ಬಾಯಲ್ಲಿ ಕೇಳಿದರೆ ‘ಸ್ವಲ್ಪ ಬರುತ್ತೆ’ ಅನ್ನುತ್ತಾರೆ. ಕೈಯಲ್ಲಿ ತೋರಿಸಿ ಅಂದರೆ ಗೋಡೆ ಹತ್ತಿರ ಹೋಗಿ ಕಲೆ ಮುಟ್ಟುತ್ತಾರೆ. ಒಂದು ಮನೆಯಲ್ಲಿ ಆ ಕಲೆ ನನ್ನ ಮೊಣಕಾಲಿನ ಎತ್ತರಕ್ಕಿತ್ತು. ಅದೇ ಗೋಡೆಗೆ ಒರಗಿಸಿ ಮಕ್ಕಳ ಹಾಸಿಗೆ ಸುತ್ತಿ ಇಟ್ಟಿದ್ದರು.

ಇಲಿ ಇದೆಯಾ ಅಂತ ಕೇಳುವುದನ್ನು ಪೂರ್ತಿ ಬಿಟ್ಟೆ. ಸರ್ಕಾರದ ರಿಜಿಸ್ಟರ್ ಹಿಡಿದು ಬಂದವರ ಎದುರು, ಪಕ್ಕದ ಮನೆಯವರು ಕೇಳಿಸಿಕೊಳ್ಳುವಾಗ, ನಮ್ಮ ಮನೆಯಲ್ಲಿ ಇಲಿ ಇದೆ ಅಂತ ಯಾರು ಒಪ್ಪುತ್ತಾರೆ? ಅದು ಮರ್ಯಾದೆಯ ಮಾತು. ಅದರ ಬದಲು ‘ಇಲಿ ಈ ವಾರ ಏನು ಹಾಳು ಮಾಡ್ತು?’ ಅಂತ ಕೇಳಿದೆ. ಸಿಟ್ಟು ಬಂದವರು ಮುಚ್ಚಿಡುವುದಿಲ್ಲ. ರಾಗಿ ಚೀಲ ಕಡಿದಿದ್ದು, ಸ್ಕೂಲ್ ಬ್ಯಾಗ್ ಮೂಲೆ ಕಡಿದಿದ್ದು, ಎಲ್ಲ ಹೊರಗೆ ಬಂತು. ಒಬ್ಬ ಅಕ್ಕ ಬಚ್ಚಲಿನಿಂದ ಸೋಪು ತಂದು ತೋರಿಸಿದರು. ಅಂಚಿನಲ್ಲಿ ಸಣ್ಣ ಉಳಿಯಲ್ಲಿ ಕೆತ್ತಿದ ಹಾಗೆ ಜೋಡಿ ಹಲ್ಲಿನ ಗುರುತು. ‘ನೋಡಿ ಸಿಸ್ಟರ್, ನಮ್ಗಿಂತ ಮೊದ್ಲು ಅವೇ ಸ್ನಾನ ಮಾಡ್ತವೆ’ ಅಂದರು. ಅವತ್ತಿಂದ ನಾನು ಯಾವ ಮನೆಗೆ ಹೋದರೂ ಬಚ್ಚಲಿನ ಸೋಪು ನೋಡುತ್ತೇನೆ.

ಅನುಮಾನ ಇದ್ದ ಕಡೆ ಬೂದಿ ಹಾಕಿದೆವು. ಒಲೆಯ ಬೂದಿಯನ್ನು ನಯವಾಗಿ ಜರಡಿ ಹಿಡಿದು, ಒಂದು ರಟ್ಟಿನ ಮೇಲೆ ತೆಳ್ಳಗೆ ಹರಡಿ, ರಾತ್ರಿ ಗೋಡೆ ಅಂಚಿಗೆ ಇಟ್ಟುಬಿಡುವುದು. ಇಲಿ ನಡು ಮನೆಯಲ್ಲಿ ಓಡಾಡುವುದು ಕಮ್ಮಿ, ಗೋಡೆ ಹಿಡಿದೇ ಹೋಗುತ್ತದೆ. ಹಿಟ್ಟು ಹಾಕಬಾರದು, ಅದನ್ನು ತಿನ್ನೋಕೆ ಬರುತ್ತದೆ, ನಿಜವಾದ ಓಡಾಟ ಗೊತ್ತಾಗುವುದಿಲ್ಲ. ಬೆಳಿಗ್ಗೆ ನೋಡಿದರೆ ಮುಂಗಾಲಿನ ನಾಲ್ಕು ಬೆರಳು, ಹಿಂಗಾಲಿನ ಐದು ಬೆರಳು ಎಣಿಸಬಹುದು. ಕೆಲವು ರಟ್ಟಿನಲ್ಲಿ ನಡುವೆ ಬಾಲ ಎಳೆದ ಗೆರೆಯೂ ಇರುತ್ತದೆ. ನಾನು ಅರ್ಧ ಗಂಟೆ ಮಾತಾಡಿದರೂ ನಂಬದವರು ಆ ರಟ್ಟು ನೋಡಿದ ತಕ್ಷಣ ಅಕ್ಕಿ ಚೀಲ ಎತ್ತಿ ಮುಚ್ಚಳದ ಡ್ರಮ್ಮಿಗೆ ಸುರಿದರು.

ನಾನು ಮಾಡಿದ ಇನ್ನೊಂದು ತಪ್ಪು, ಮೋರಿ ಪಕ್ಕದ ತಗ್ಗಿನ ಮನೆಗಳಿಗೆ ಮಾತ್ರ ಹೋಗಿದ್ದು. ಮಂಡ್ಯ ಪೇಟೆ ಅಂದರೂ ಊರೇ ಅಲ್ವಾ? ಎರಡು ಬೀದಿ ದಾಟಿದರೆ ಹಸು ಕಟ್ಟಿದ ಮನೆ, ಊರು ದಾಟಿದರೆ ನಾಲೆ ನೀರಿನ ಗದ್ದೆ, ಕಬ್ಬು. ಹಸುವಿನಲ್ಲೂ ಈ ರೋಗಾಣುವಿನ ಒಂದು ಬಗೆ ಇರುತ್ತದೆ, ಹಸು ಕಂದು ಹಾಕುವುದಕ್ಕೆ ಅದೂ ಒಂದು ಕಾರಣ. ಬರಿಗೈಯಲ್ಲಿ ಗಂಜಲ ಬಾಚಿ, ಬರಿಗಾಲಲ್ಲಿ ಕೊಟ್ಟಿಗೆ ತೊಳೆಯುವ ಹೆಂಗಸರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಬ್ಬು ಕಡಿಯುವವರ ಕೈಕಾಲಲ್ಲಿ ಸೋಗೆ ಕೊಯ್ದ ಗೀರು ಯಾವಾಗಲೂ ಇರುತ್ತವೆ. ಬೇರೆ ದೇಶಗಳಲ್ಲಿ ಈ ಜ್ವರಕ್ಕೆ ಗದ್ದೆ ಜ್ವರ, ಕಬ್ಬು ಕಡಿಯುವವರ ಜ್ವರ ಅನ್ನುವ ಹೆಸರೇ ಇತ್ತು. ಅದನ್ನು ಓದಿದ ದಿನ ನನಗೆ ನಮ್ಮ ಜಿಲ್ಲೆಯನ್ನೇ ನೋಡಿ ಹೆಸರಿಟ್ಟ ಹಾಗೆ ಅನ್ನಿಸಿತು.

ಎಷ್ಟು ಜನರಿಗೆ ತಗುಲಿದೆ ಅಂತ ಸರಿಯಾಗಿ ಗೊತ್ತಾಗಬೇಕಾದರೆ, ಹುಷಾರಾಗಿ ಇರುವವರ ರಕ್ತವನ್ನೂ ಪರೀಕ್ಷಿಸಬೇಕು. ಸೋಂಕು ಬಂದು ಹೋದ ಮೇಲೆ ಅದರ ವಿರುದ್ಧ ಹುಟ್ಟಿದ ಪ್ರತಿಕಾಯ ರಕ್ತದಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬ್ರೆಜಿಲ್‌ನ ಸಾಲ್ವಡೋರ್ ನಗರದ ಕೊಳೆಗೇರಿಯಲ್ಲಿ 3,171 ಜನರ ರಕ್ತ ನೋಡಿದಾಗ 100ಕ್ಕೆ 15 ಜನರಲ್ಲಿ ಈ ಗುರುತು ಸಿಕ್ಕಿತು. 2008ರಲ್ಲಿ ಅದು ಪ್ರಕಟವಾಯಿತು. ತೆರೆದ ಮೋರಿಗೆ ಹತ್ತಿರ ಇದ್ದಷ್ಟೂ, ಕಸದ ರಾಶಿಗೆ ಹತ್ತಿರ ಇದ್ದಷ್ಟೂ ಜಾಸ್ತಿ. ಒಂದೇ ಕೇರಿಯೊಳಗೂ ಆದಾಯ ಸ್ವಲ್ಪ ಹೆಚ್ಚಿದ್ದ ಮನೆಗಳಲ್ಲಿ ಕಮ್ಮಿ. ಪೆರುವಿನ ಇಕಿಟೋಸ್‌ನಲ್ಲಿ ನಗರದ ಬಡ ಬಡಾವಣೆಯಲ್ಲಿ 100ಕ್ಕೆ 28, ಹತ್ತಿರದ ಹಳ್ಳಿಯಲ್ಲಿ 17. ಹಳ್ಳಿಗಿಂತ ಪೇಟೆಯೇ ಮುಂದೆ. ಅವು ಅಲ್ಲಿನ ಲೆಕ್ಕ, ಮಂಡ್ಯಕ್ಕೆ ಹಾಗೇ ತಂದು ಅಂಟಿಸಬಾರದು. ಆದರೆ ಅಲ್ಲಿನ ಮೋರಿ, ಕಸ, ಬರಿಗಾಲು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಅಜ್ಜಿಯ ಪಾದವೇ.

ಇನ್ನು ನಾವು ಮಾಡಿದ್ದು. ಮೋರಿ ಕೆಲಸದವರಿಗೆ ಗಂಬೂಟು ಕೊಟ್ಟಿದ್ದರು, ಯಾರೂ ಹಾಕುತ್ತಿರಲಿಲ್ಲ. ಹೇಳಿದರೂ ಕೇಳಲ್ಲ ಅಂತ ಎಲ್ಲರೂ ಅವರನ್ನೇ ಬೈಯುತ್ತಿದ್ದರು. ನಾನು ಒಬ್ಬಾಕೆಯ ಬೂಟಿನೊಳಗೆ ಕೈ ಹಾಕಿ ನೋಡಿದೆ. ಗಂಡಸರ ಒಂಬತ್ತನೇ ನಂಬರು. ಆಕೆಯ ಕಾಲು ಐದು. ಹೆಜ್ಜೆ ಇಟ್ಟರೆ ಕೆಸರಿನಲ್ಲಿ ಬೂಟು ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಒಂದು ಹಾಳೆಯಲ್ಲಿ ಎಲ್ಲರ ಕಾಲಿನ ಅಳತೆ ಬರೆದು ಕೊಟ್ಟೆ. ಬದಲಿ ಬೂಟು ಬರೋಕೆ ತಿಂಗಳುಗಳೇ ಹಿಡಿದವು. ಬಂದ ಮೇಲೆ ಹಾಕಿದರು.

ಮಳೆಗಾಲದಲ್ಲಿ ಕೊಳಚೆ ನೀರಿಗೆ ಇಳಿಯಲೇಬೇಕಾದವರಿಗೆ ಡಾಕ್ಟರು ನೋಡಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಊಟ ಆದ ಮೇಲೆ ತುಂಬ ನೀರಿನ ಜೊತೆ ನುಂಗಬೇಕು, ಇಲ್ಲದಿದ್ದರೆ ಹೊಟ್ಟೆ ತೊಳಸುತ್ತದೆ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಕೊಡುವುದಿಲ್ಲ. ಯಾರೂ ತಾವಾಗಿ ಅಂಗಡಿಯಲ್ಲಿ ಕೊಂಡು ತಿನ್ನಬೇಡಿ, ದಯವಿಟ್ಟು. ಉಳಿದವರಿಗೆ ನಾನು ಹೇಳುವುದು ಇಷ್ಟು: ಚಪ್ಪಲಿಯಾದರೂ ಹಾಕಿ, ಒಳಗೆ ಬಂದ ತಕ್ಷಣ ಸೋಪು ಹಾಕಿ ಕಾಲು ತೊಳೆದು ಬೆರಳ ಸಂದು ಒರೆಸಿ ಒಣಗಿಸಿ, ಗಾಯ ಇದ್ದರೆ ಪಟ್ಟಿ ಕಟ್ಟದೆ ನೀರಿಗೆ ಇಳಿಯಬೇಡಿ.

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಟ್ಟಿದ್ದು ಒಂದು ಮಾತನ್ನು ಹೇಳಿಕೊಡೋಕೆ. ನೀರಿಗಿಳಿದ ದಿನಕ್ಕೂ ಜ್ವರ ಬರುವ ದಿನಕ್ಕೂ ನಡುವೆ ಒಂದೆರಡು ವಾರ ಆಗಿರುತ್ತದೆ, ಕೆಲವೊಮ್ಮೆ ತಿಂಗಳು. ಅಷ್ಟರಲ್ಲಿ ಮೋರಿ ಮರೆತುಹೋಗಿರುತ್ತದೆ. ಡಾಕ್ಟರ ಮುಂದೆ ಕೂತು ‘ಜ್ವರ, ಮೈಕೈ ನೋವು’ ಅಂತಷ್ಟೇ ಹೇಳುತ್ತಾರೆ. ಅದಕ್ಕೇ ಪ್ರತಿ ಮನೆಯಲ್ಲೂ ಅಭ್ಯಾಸ ಮಾಡಿಸಿದೆ. ಜ್ವರ ಬಂದು ಡಾಕ್ಟರ ಹತ್ತಿರ ಹೋದರೆ ಮೊದಲ ಮಾತೇ ‘ನಾನು ಇಂಥ ದಿನ ಮೋರಿ ನೀರಲ್ಲಿ ನಿಂತಿದ್ದೆ’ ಆಗಿರಬೇಕು. ತಾರೀಕು ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. ಗಣಪತಿ ಬಿಟ್ಟ ದಿನ, ಪಿತೃಪಕ್ಷದ ಅಮಾವಾಸ್ಯೆ, ಆಯುಧಪೂಜೆಗೆ ಅಂಗಡಿ ತೊಳೆದ ದಿನ, ಹಾಗೆ ಹೇಳಿದರೂ ಸಾಕು. ನಮ್ಮ ಕಡೆ ಮಳೆ ಜಾಸ್ತಿ ಬರುವುದೂ ಅದೇ ಹೊತ್ತಿನಲ್ಲಿ.

ಮುಂದಿನ ವರ್ಷ ದಸರಾ ಕಳೆದ ಮೇಲೆ ಅಜ್ಜಿಯ ಮಗ ನಡುಗುತ್ತಾ ಕೇಂದ್ರಕ್ಕೆ ಬಂದ. ಚೀಟಿ ಬರೆಸುವ ಮೊದಲೇ ಹೇಳಿದ: ‘ಆಯ್ದ್‌ಪೂಜೆ ಹಿಂದಿನ್ ದಿನ ಮೋರಿಗೆ ಇಳ್ದಿದ್ದೆ ಸಿಸ್ಟರ್. ಕಾಲಲ್ಲಿ ಗಾಯ ಇತ್ತು.’ ಡಾಕ್ಟರು ಅವನ ಮೀನಖಂಡ ಒತ್ತಿದರು, ಮುಖ ಹಿಂಡಿದ. ರಕ್ತ ತೆಗೆದು ಕಳಿಸಿ, ವರದಿಗೆ ಕಾಯದೆ ಅವತ್ತೇ ಮಾತ್ರೆ ಶುರು ಮಾಡಿದರು. ವರದಿ ಬರುವ ಹೊತ್ತಿಗೆ ಅವನು ಕೆಲಸಕ್ಕೆ ಹೋಗುತ್ತಿದ್ದ.