ಬ್ಯಾಕ್ ಬೇ ಫ್ಲ್ಯಾಟು: ಕೊಳ್ಳುವ ಮುಂಚೆ ನಾವು ವಿಚಾರಿಸಿದ್ದು ಕಟ್ಟಡದ ಬುಡ

ಬಾಸ್ಟನ್ನಿನ ಬ್ಯಾಕ್ ಬೇನಲ್ಲಿ ಮನೆ ನೋಡಲು ಹೋದವರ ಕಣ್ಣು ತಾನಾಗಿ ಮೇಲಕ್ಕೇ ಹೋಗುತ್ತದೆ. ಎತ್ತರದ ಸೂರು, ಸೂರಿನ ಅಂಚಿಗೆ ಗಾರೆಯ ಕುಸುರಿ, ಅಮೃತಶಿಲೆಯ ಅಗ್ಗಿಷ್ಟಿಕೆ, ಬೀದಿಯ ಕಡೆಗೆ ಉಬ್ಬಿ ನಿಂತ ಕಿಟಕಿ. ನಾವೂ ಅದಕ್ಕೇ ಮನಸೋತವರು. ಆದರೂ ಇಲ್ಲಿ ಫ್ಲ್ಯಾಟ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಪಾಯದ ವಿಚಾರ ಎತ್ತಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಬೆಡ್‌ರೂಮಿನ ಒಳ್ಳೆಯ ಫ್ಲ್ಯಾಟಿಗೆ ಮಿಲಿಯನ್ ಡಾಲರ್ ದಾಟುವ ಜಾಗ ಇದು. ಅಷ್ಟು ಹಣ ಸುರಿಯುವಾಗ ನಾವು ಏನು ಕೇಳಿದೆವು, ಯಾವ ಕಾಗದ ತರಿಸಿದೆವು ಅನ್ನುವುದು ಬೇರೆಯವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಈ ಇಡೀ ಬಡಾವಣೆ ಮಣ್ಣು ತುಂಬಿ ಮಾಡಿದ ನೆಲ. 1850ರ ದಶಕದ ಕೊನೆಯವರೆಗೂ ಇಲ್ಲಿದ್ದದ್ದು ನೀರು, ಕೆಸರು, ಊರಿನ ಕೊಳಚೆ. ಆಮೇಲೆ ನೀಡಮ್ ಕಡೆಯ ಗುಡ್ಡಗಳನ್ನು ಅಗೆದು, ಜಲ್ಲಿಮಣ್ಣನ್ನು ರೈಲಿನಲ್ಲಿ ಹಗಲೂ ರಾತ್ರಿ ಸಾಗಿಸಿ, ಆರ್ಲಿಂಗ್ಟನ್ ಬೀದಿಯ ಕಡೆಯಿಂದ ಪಶ್ಚಿಮಕ್ಕೆ ತುಂಬುತ್ತಾ ಹೋದರು. ಅಂಥ ನೆಲ ಇಟ್ಟಿಗೆ ಗೋಡೆಯ ಭಾರ ಹೊರುವುದಿಲ್ಲ. ಹಾಗಾಗಿ ಉದ್ದುದ್ದ ಮರದ ಕಂಬಗಳನ್ನು ಕೆಳಗಿನ ಗಟ್ಟಿ ಪದರ ಸಿಗುವವರೆಗೆ ಬಡಿದಿಳಿಸಿ, ಅವುಗಳ ತಲೆಯ ಮೇಲೆ ಗ್ರಾನೈಟ್ ಕಲ್ಲು ಹಾಸಿ, ಅದರ ಮೇಲೆ ಗೋಡೆ ಎಬ್ಬಿಸಿದರು. 1877ರಲ್ಲಿ ಮುಗಿದ ಟ್ರಿನಿಟಿ ಚರ್ಚಿನ ಅಡಿಯಲ್ಲೇ ಸುಮಾರು 4,500 ಕಂಬಗಳಿವೆ.

ನೀರಿನೊಳಗೆ ಮುಳುಗಿರುವಷ್ಟು ಕಾಲ ಆ ಮರಕ್ಕೆ ಏನೂ ಆಗುವುದಿಲ್ಲ. ಅಂತರ್ಜಲ ಇಳಿದು ಕಂಬದ ತಲೆಗೆ ಗಾಳಿ ತಾಗಿತೆಂದರೆ ಶಿಲೀಂಧ್ರ ಹಿಡಿದು ಕೊಳೆಯಲು ಶುರು. ನೀರು ಇಳಿಯಲು ಬರಗಾಲವೇ ಬೇಕಿಲ್ಲ: ಒಡೆದ ಒಳಚರಂಡಿ ಕೊಳವೆ, ಸೋರುವ ಸುರಂಗ, ನೆಲಮಾಳಿಗೆ ಒಣಗಿರಲಿ ಎಂದು ಹಾಕಿಸಿದ ಪಂಪು, ಇವೆಲ್ಲ ಸುತ್ತಲಿನ ನೀರನ್ನು ಸದ್ದಿಲ್ಲದೆ ಎಳೆಯುತ್ತವೆ. ಮಳೆ ನೀರು ಇಂಗಲು ಮಣ್ಣೇ ಕಾಣದಷ್ಟು ಡಾಂಬರು, ಕಾಂಕ್ರೀಟು ಬೇರೆ. ಇದನ್ನು ಗಮನಿಸುವುದಕ್ಕೆಂದೇ 1986ರಲ್ಲಿ ಬಾಸ್ಟನ್ ಗ್ರೌಂಡ್‌ವಾಟರ್ ಟ್ರಸ್ಟ್ ಹುಟ್ಟಿತು. ಬೀದಿಬೀದಿಯಲ್ಲಿ ನೂರಾರು ವೀಕ್ಷಣಾ ಬಾವಿಗಳಿವೆ. ಅಳತೆಗಳನ್ನು ಯಾರು ಬೇಕಾದರೂ ನೋಡಬಹುದು. ಮನಸ್ಸಿಗೆ ಬಂದ ಪ್ರತಿ ಕಟ್ಟಡದ ಹತ್ತಿರದ ಬಾವಿ ಯಾವುದು, ಹಲವು ವರ್ಷಗಳಲ್ಲಿ ನೀರು ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ನೋಡಿಕೊಂಡೇ ನಾವು ಮುಂದಿನ ಮಾತು ಆಡುತ್ತಿದ್ದೆವು.

ನೀರಿನ ಮಟ್ಟ ಒಂದೇ ತಿಳಿದರೆ ಸಾಲದು, ಕಂಬದ ತಲೆ ಎಷ್ಟು ಎತ್ತರದಲ್ಲಿದೆ ಅನ್ನುವುದೂ ಬೇಕು. ಅದಕ್ಕೆ ನೆಲಮಾಳಿಗೆಯಲ್ಲಿ ಗುಂಡಿ ತೋಡಿ, ಗ್ರಾನೈಟಿನ ಕೆಳಗಿನ ಕಂಬವನ್ನೇ ಹೊರಗೆಡವಿ ಪರೀಕ್ಷೆ ಮಾಡುತ್ತಾರೆ. ಟೆಸ್ಟ್ ಪಿಟ್ ಅನ್ನುತ್ತಾರೆ. ಒಂದು ಫ್ಲ್ಯಾಟು ನಮಗೆ ತುಂಬಾ ಹಿಡಿಸಿತ್ತು. ಟೆಸ್ಟ್ ಪಿಟ್ ವರದಿ ಇದೆಯಾ ಎಂದರೆ ಮಾರುವವರ ಏಜೆಂಟ್, ‘ನೂರೈವತ್ತು ವರ್ಷ ನಿಂತ ಕಟ್ಟಡ, ಇನ್ನೇನಾಗುತ್ತೆ ಬಿಡಿ’ ಎಂದುಬಿಟ್ಟರು. ಆ ಸಾಲಿನ ಬಾವಿಯಲ್ಲಿ ನೀರು ಕೆಳಗಿತ್ತು, ಒಂದೇ ಗೋಡೆ ಹಂಚಿಕೊಂಡ ಪಕ್ಕದ ಮನೆಯಲ್ಲಿ ಕಂಬ ರಿಪೇರಿ ಆಗಿತ್ತು. ಅಲ್ಲಿಗೆ ಆ ಮನೆ ಕೈಬಿಟ್ಟೆವು.

ಕೊನೆಗೆ ಕೊಂಡ ಕಟ್ಟಡದ ನೆಲಮಾಳಿಗೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ನಾವೇ ಕರೆದುಕೊಂಡು ಹೋದೆವು. ಮನೆ ಇನ್‌ಸ್ಪೆಕ್ಟರ್ ಬೇರೆ, ಇವರು ಬೇರೆ. ಎರಡೂ ಖರ್ಚು ಸಾರ್ಥಕ. ಅವರು ಟಾರ್ಚ್ ಹಿಡಿದು ಮೊದಲು ಹೋಗಿ ನಿಂತದ್ದು ಮೂಲೆಯ ಪಂಪಿನ ಮುಂದೆ. ಅದರ ಕೊಳವೆ ಎಲ್ಲಿಗೆ ಹೋಗುತ್ತದೆ, ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂದು ವಿಚಾರಿಸಿದರು. ಆಮೇಲೆ ಮಹಡಿ ಮಹಡಿ ಹತ್ತಿ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿ ನೋಡಿದರು. ಮೂರನೇ ಮಹಡಿಯ ಒಂದು ಹಳೆಯ ಬಾಗಿಲಿನ ಮೇಲಂಚನ್ನು ಯಾರೋ ಓರೆಯಾಗಿ ಹತ್ತರಿ ಹೊಡೆದು ಚೌಕಟ್ಟಿಗೆ ಕೂರಿಸಿದ್ದರು: ಒಂದು ತುದಿಯಲ್ಲಿ ಸಂದೇ ಇಲ್ಲ, ಇನ್ನೊಂದು ತುದಿಯಲ್ಲಿ ಬೆರಳು ತೂರುವಷ್ಟು. ‘ಇದು ಹಳೆಯ ಇಳಿತ. ಹೆರೆದ ಜಾಗದ ಮೇಲೆ ಹಲವು ಪದರ ಬಣ್ಣ ಇದೆ, ಎಲ್ಲೂ ಬಿರಿದಿಲ್ಲ ನೋಡಿ’ ಎಂದರು. ಹೊರಗಡೆ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರುವ ಹೊಸ ಬಿರುಕು ಇದೆಯೇ ಎಂದೂ ಹುಡುಕಿದರು, ಇರಲಿಲ್ಲ. ಫ್ಲ್ಯಾಟ್ ಮಾಲೀಕರ ಅಸೋಸಿಯೇಷನ್ ಹಿಂದೆ ಮಾಡಿಸಿದ್ದ ಟೆಸ್ಟ್ ಪಿಟ್ ವರದಿಯೂ ಕೈಗೆ ಬಂತು. ಕಂಬದ ತಲೆ ನೀರಿನ ಮಟ್ಟಕ್ಕಿಂತ ಕೆಳಗೇ ಇತ್ತು. ನಾನು ನೆಮ್ಮದಿಯಾಗಿ ಉಸಿರು ಬಿಟ್ಟದ್ದು ಆವತ್ತು.

ಕಂಬ ಕೊಳೆತಿದ್ದರೆ ಏನು? ಕೊಳೆತ ತಲೆಯನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಉಕ್ಕು, ಕಾಂಕ್ರೀಟು ತುಂಬಬೇಕು. ಗೋಡೆಯುದ್ದಕ್ಕೂ ಸ್ವಲ್ಪ ಸ್ವಲ್ಪವೇ, ಹೆಚ್ಚಾಗಿ ಕೈಯಲ್ಲೇ ಅಗೆದು ಮಾಡುವ ಕೆಲಸ. ಒಂದು ಕಟ್ಟಡಕ್ಕೆ ಲಕ್ಷಗಟ್ಟಲೆ ಡಾಲರ್. ಕಾಂಡೊ ಅಂದರೆ ಫ್ಲ್ಯಾಟು ಒಬ್ಬೊಬ್ಬರದ್ದು, ಪಾಯ ಮಾತ್ರ ಎಲ್ಲರದ್ದೂ. ಇಡೀ ಕಟ್ಟಡದ ಮೂಲಪತ್ರವಾದ ಮಾಸ್ಟರ್ ಡೀಡಿನಲ್ಲಿ ನಿಮ್ಮ ಪಾಲು ಶೇ. 22 ಎಂದಿದ್ದು, ಕೆಲಸಕ್ಕೆ 6,00,000 ಡಾಲರ್ ತಗಲಿತು ಅನ್ನಿ, 1,32,000 ಡಾಲರ್ ನಿಮ್ಮ ತಲೆಗೆ ಬರುತ್ತದೆ. ನೀವು ಮೇಲಿನ ಮಹಡಿಯಲ್ಲಿದ್ದೀರಿ ಎಂದು ಯಾರೂ ವಿನಾಯಿತಿ ಕೊಡುವುದಿಲ್ಲ.

ಅದಕ್ಕೇ ಅಸೋಸಿಯೇಷನ್ನಿನ ಕಾಗದಗಳನ್ನು ನಾನು ಕಾದಂಬರಿ ಓದುವಷ್ಟು ಆಸ್ಥೆಯಿಂದ ಓದಿದೆ. ಇಲ್ಲಿನ ಹಳೆಯ ಮನೆಗಳು ನಾಲ್ಕೈದು ಫ್ಲ್ಯಾಟುಗಳಾಗಿ ಒಡೆದಂಥವು; ಲೆಕ್ಕ ನೋಡುವವರು ಅಲ್ಲೇ ವಾಸವಿರುವ ಯಾರೋ ಒಬ್ಬರು. ತಿಂಗಳ ಫೀ ಕಡಿಮೆ ಇದೆ ಎಂದು ಏಜೆಂಟರು ಹೇಳಿದರೆ ನನಗೆ ಅನುಮಾನವೇ ಹೆಚ್ಚು: ಮುಂದಿನ ದೊಡ್ಡ ರಿಪೇರಿಗೆಂದು ಕೂಡಿಡುವ ರಿಸರ್ವ್ ಫಂಡಿಗೆ ಏನೂ ಹೋಗುತ್ತಿಲ್ಲ ಎಂದೇ ಎಷ್ಟೋ ಸಲ ಅದರ ಅರ್ಥ. ಸಭೆಯ ಮಿನಿಟ್ಸ್ ಕೇಳಿ ಪಡೆಯಿರಿ, ಹಲವು ವರ್ಷಗಳದ್ದು. ಒಂದೇ ವಿಷಯ ವರ್ಷವರ್ಷವೂ ‘ಮುಂದಿನ ಸಭೆಗೆ’ ಎಂದು ಮುಂದೆ ಹೋಗುತ್ತಿದ್ದರೆ ನಾಳೆಯ ಸ್ಪೆಷಲ್ ಅಸೆಸ್‌ಮೆಂಟ್, ಅಂದರೆ ತಿಂಗಳ ಫೀ ಅಲ್ಲದೆ ಎಲ್ಲರಿಂದ ಬೇರೆಯಾಗಿ ಎತ್ತುವ ವಂತಿಗೆ, ಅಲ್ಲೇ ಇದೆ. ನಮ್ಮ ಕಟ್ಟಡದಲ್ಲಿ ಹಾಗೆ ಮುಂದೆ ಹೋಗುತ್ತಿದ್ದದ್ದು ಹಿಂಭಾಗದ ಗೋಡೆಯ ಸಂದು ತುಂಬುವ ಕೆಲಸ. ಮೆದು ಇಟ್ಟಿಗೆಗೆ ಸುಣ್ಣದ ಗಾರೆಯೇ ಆಗಬೇಕು. ಸಿಮೆಂಟು ಮೆತ್ತಿದರೆ ತೇವ ಹೊರಬರಲು ದಾರಿಯಿಲ್ಲದೆ ಇಟ್ಟಿಗೆಯ ಮೈ ಸಿಪ್ಪೆ ಏಳುತ್ತದೆ. ಆ ಖರ್ಚಿನ ನಮ್ಮ ಪಾಲನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಂಡೆವು.

ಮ್ಯಾಸಚೂಸೆಟ್ಸ್‌ನಲ್ಲಿ ಕಾಂಡೊ ಕಾನೂನು 1963ರದ್ದು, ಅಧ್ಯಾಯ 183ಎ. ಮಾರುವವರು ಅಸೋಸಿಯೇಷನ್ನಿಗೆ ಬಾಕಿ ಏನೂ ಉಳಿಸಿಲ್ಲ ಎನ್ನುವ 6ಡಿ ಸರ್ಟಿಫಿಕೇಟ್ ಆ ಕಾನೂನಿನಂತೆಯೇ ಸಿಗುವುದು. ಇದನ್ನು ವಕೀಲರು ನೋಡಿಕೊಳ್ಳುತ್ತಾರೆ.

ಕಿಟಕಿಯ ಮಾತು ಮಾತ್ರ ನಾವೇ ವಿಚಾರಿಸಬೇಕು. 1966ರಿಂದ ಬ್ಯಾಕ್ ಬೇ ಸಂರಕ್ಷಿತ ಪ್ರದೇಶ. ಒಳಗೆ ಅಡುಗೆಮನೆ ಹೇಗೆ ಬದಲಿಸಿದರೂ ಆರ್ಕಿಟೆಕ್ಚರಲ್ ಕಮಿಷನ್ ಕೇಳುವುದಿಲ್ಲ. ಹೊರಗಿನ ಬಾಗಿಲು, ಕಿಟಕಿ, ತಾರಸಿಯ ಡೆಕ್ ಮುಟ್ಟಬೇಕಾದರೆ ಒಪ್ಪಿಗೆ ಬೇಕು. ಮೊದಲಿದ್ದವರು ಹಾಕಿಸಿದ ಹೊಸ ಕಿಟಕಿಗೆ ಒಪ್ಪಿಗೆ ಪತ್ರ ಇದೆಯೇ ಎಂದು ನನ್ನ ಗಂಡ ಪಟ್ಟು ಹಿಡಿದು ಕೇಳಿ ಪ್ರತಿ ತರಿಸಿಕೊಂಡರು. ತಾರಸಿ ನಿಮ್ಮದೇ ಎಂದು ಜಾಹೀರಾತು ಹೇಳಿದರೆ, ಆ ಹಕ್ಕು ಮಾಸ್ಟರ್ ಡೀಡಿನಲ್ಲೋ ನಿಮ್ಮ ಫ್ಲ್ಯಾಟಿನ ಕ್ರಯಪತ್ರವಾದ ಯೂನಿಟ್ ಡೀಡಿನಲ್ಲೋ ಬರೆದಿರಬೇಕು. ಮನೆಯಲ್ಲಿ ಆರು ವರ್ಷದೊಳಗಿನ ಮಗು ಇದ್ದರೆ ಹಳೆಯ ಸೀಸದ ಬಣ್ಣದ ಅಪಾಯ ನಿವಾರಿಸಲೇಬೇಕು ಅನ್ನುವುದು ಈ ರಾಜ್ಯದ ಕಾನೂನು; ಅದನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ.

ಪಾರ್ಕಿಂಗ್ ನಾವು ಕೊಳ್ಳಲಿಲ್ಲ. 2013ರಲ್ಲಿ ಇಲ್ಲಿ ಹಿಂದೊಂದು ಮುಂದೊಂದು ಕಾರು ನಿಲ್ಲಿಸುವ ಜಾಗ ಹರಾಜಿನಲ್ಲಿ 5,60,000 ಡಾಲರಿಗೆ ಹೋಗಿತ್ತು. ರೈಲು ನಿಲ್ದಾಣ ಹತ್ತಿರವೇ ಇರುವಾಗ ಆ ದುಡ್ಡು ಮನೆಗೆ ಇರಲಿ ಅನ್ನಿಸಿತು.

ಈಗ ನಾನೂ ಅಸೋಸಿಯೇಷನ್ನಿನ ಟ್ರಸ್ಟಿ. ಬಾವಿಯ ಅಳತೆ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಮೊದಲಿಗೇ ಬರಬೇಕೆಂದು ಹೇಳಿ ಮಾಡಿಸಿದ್ದೇನೆ. ನೆಲಮಾಳಿಗೆಯ ಪಂಪು ತೆಗೆಯಬಹುದೇ ಎಂದು ಎಂಜಿನಿಯರ್ ಲೆಕ್ಕ ಹಾಕುತ್ತಿದ್ದಾರೆ. ಅವರ ವರದಿ ಬಂದಮೇಲೆ ಮತಕ್ಕೆ ಹಾಕುತ್ತೇವೆ.